ಜಪಾನೀ ಧಾರಾವಾಹಿಗೆ ಅರ್ಥ ಹೇಳಿದವರು

ಕಳೆದ ವಾರ ಇಲ್ಲಿ ಬಹರೈನಿನ ಮನಾಮಾದ ಒಂದು ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಜಪಾನಿನ ತಿನಿಸುಗಳ ಮೇಳ ಹಾಕಿದ್ದರು. ಏಪ್ರನ್ ಕಟ್ಟಿಕೊಂಡ ಹುಡುಗಿಯೊಬ್ಬಳು ಪುಟ್ಟ ಕಾಗದದ ಲೋಟದಲ್ಲಿ ಬಿಸಿ ಸಾರು ಕೊಟ್ಟು "ಟ್ರೈ ಮಾಡಿ ಮೇಡಮ್" ಎಂದಳು. ಮೂಗಿನ ಹತ್ತಿರ ತಂದದ್ದೇ ತಡ, ಒಣಮೀನು! ಅಲ್ಲಿ ಮೀನನ್ನು ಹೊಗೆಯಲ್ಲಿ ಒಣಗಿಸಿ, ತೆಳ್ಳಗೆ ಹೆರೆದು, ನೀರಿನಲ್ಲಿ ಹಾಕಿ ಸಾರು ತೆಗೆಯುತ್ತಾರಂತೆ. ಹೆರೆಯಲಿ, ಕುದಿಸಲಿ, ಚಂದದ ಲೋಟದಲ್ಲಿ ಕೊಡಲಿ, ಒಣಮೀನು ಒಣಮೀನೇ. ಟ್ರಾಲಿ ಹಿಡಿದು ನಿಂತಿದ್ದ ನನಗೆ ಬುಸೈತೀನಿನ ನಮ್ಮ ಹಳೆಯ ಫ್ಲ್ಯಾಟು, ಶುಕ್ರವಾರದ ಮಧ್ಯಾಹ್ನಗಳು, ಎದುರುಮನೆಯ ಅಣ್ಣ ಎಲ್ಲ ಒಟ್ಟಿಗೇ ನೆನಪಾದರು...

ನಮ್ಮ ಬಾಗಿಲು ತೆಗೆದರೆ ಅವರ ಬಾಗಿಲು. ಉಡುಪಿಯ ಕಡೆಯವರು. ಸಿತ್ರಾದಲ್ಲಿ ಜಪಾನಿನ ಕಾರುಗಳನ್ನು ಮಾರುವ ಒಂದು ಕಂಪನಿಯ ಸ್ಪೇರ್ ಪಾರ್ಟ್ಸ್ ವಿಭಾಗದಲ್ಲಿ ಕೆಲಸ. ಹೆಂಡತಿ ನರ್ಸ್, ಇಲ್ಲಿನ ವಾರದ ರಜೆಯಾದ ಶುಕ್ರವಾರವೂ ಡ್ಯೂಟಿ. ಮಕ್ಕಳಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರಾದರೂ ಮೊದಲ ದಿನವೇ "ಅಂಕಲ್ ಅಂತ ಕರೆದ್ರೆ ಬಾಗಿಲು ತೆಗೆಯುವುದಿಲ್ಲ, ಆಯ್ತಾ?" ಎಂದು ತಾಕೀತು ಮಾಡಿದ್ದರು. ಹಾಗಾಗಿ ಅಣ್ಣ.

ಕೆಲಸ ಏನೇ ಇರಲಿ, ದ್ವೀಪದ ಕನ್ನಡಿಗರೆಲ್ಲ ಅವರನ್ನು ಗುರುತಿಸುತ್ತಿದ್ದದ್ದು ತಾಳಮದ್ದಳೆಯ ಅರ್ಥಧಾರಿಯೆಂದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಪಾತ್ರಧಾರಿ ಶಾಲು ಹೊದ್ದು ಕುಳಿತಲ್ಲಿಂದಲೇ ಆ ಪದ್ಯದ ಅರ್ಥವನ್ನು ಪಾತ್ರದ ಮಾತಾಗಿ ಬೆಳೆಸುತ್ತಾನೆ. ಮೊದಲೇ ಬರೆದಿಟ್ಟ ಮಾತು ಅಲ್ಲಿಲ್ಲ. ಎದುರಿಗೆ ಕೂತವನು ಏನು ಕೇಳುತ್ತಾನೋ ಅದಕ್ಕೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು. ಉತ್ತರ ಹುಟ್ಟದಿದ್ದರೆ ಮಾನ ಹೋಯಿತು. ಮನಾಮಾದ ಸಭಾಂಗಣದಲ್ಲಿ ಅಣ್ಣ ಮೈಕಿನ ಮುಂದೆ ಕೂತರೆಂದರೆ ಸಂಘಟಕರು ಗಡಿಯಾರ ತೋರಿಸಿ ತೋರಿಸಿ ಕೈಸೋಲುತ್ತಿದ್ದರು. ಮಾತಿಲ್ಲದೆ ಒಂದು ನಿಮಿಷ ಇರುವುದು ಅವರಿಗೆ ಉಸಿರು ಕಟ್ಟಿದಂತೆ.

ಇಂಥವರ ಕೈಗೆ ಜಪಾನೀ ಧಾರಾವಾಹಿಗಳು ಸಿಕ್ಕಿದ್ದೇ ಒಂದು ತಮಾಷೆ. ಅವರ ಕಂಪನಿಗೆ ಬಂದಿದ್ದ ಜಪಾನಿನ ಇಂಜಿನಿಯರೊಬ್ಬ ಊರಿಗೆ ಮರಳುವಾಗ ತನ್ನ ಡಿವಿಡಿಗಳ ಒಂದು ಪೆಟ್ಟಿಗೆಯನ್ನೇ ಇವರಿಗೆ ಕೊಟ್ಟು ಸೊಂಟದವರೆಗೆ ಬಾಗಿ ಹೋದನಂತೆ. ಇವರು ಮನೆಗೆ ತಂದು ಹಾಕಿದರು. ತೆರೆಯ ಮೇಲೆ ಒಬ್ಬ ಗಂಡಸು, ಒಬ್ಬಳು ಹೆಂಗಸು, ರೈಲ್ವೆ ಪ್ಲ್ಯಾಟ್‌ಫಾರ್ಮಿನ ಬೆಂಚು. ಮಾತಿಲ್ಲ. ಸ್ವಲ್ಪ ಹೊತ್ತು ನೋಡಿದರು, ಮಾತಿಲ್ಲ. ಎದ್ದು ಟಿವಿಯ ಹಿಂದಿನ ವಯರು ಅಲುಗಾಡಿಸಿದರು. ಡಿಸ್ಕ್ ತೆಗೆದು ಲುಂಗಿಯಲ್ಲಿ ಒರೆಸಿ ಹಾಕಿದರು. ಕೊನೆಗೆ ನಮ್ಮ ಬಾಗಿಲು ತಟ್ಟಿ ನನ್ನ ಗಂಡನನ್ನು ಕರೆದರು. "ಸೌಂಡ್ ಹೋಗಿದೆ ಮಾರಾಯ್ರೆ, ಸ್ವಲ್ಪ ಬಂದು ನೋಡಿ." ನನ್ನ ಗಂಡ ಹೋಗಿ ಕೂತ ಮೇಲೆ, ಆ ಬೆಂಚಿನ ಗಂಡಸು ನಿಧಾನಕ್ಕೆ "ಚಳಿ ಇದೆ ಅಲ್ವಾ" ಎಂದನಂತೆ. ಟಿವಿ ಸರಿಯಾಗಿಯೇ ಇತ್ತು. ಅವರು ಸುಮ್ಮನಿದ್ದದ್ದೇ ಕತೆಯಾಗಿತ್ತು.

ಆ ಪೆಟ್ಟಿಗೆಯಿಂದಾಗಿ ನಾನೂ ನೋಡಲು ಶುರುಮಾಡಿ, ಆಮೇಲೆ ಹುಡುಕಿ ಹುಡುಕಿ ನೋಡಿದವಳು. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಟಿವಿಯಲ್ಲಿ ಕತೆ ಹೇಳುವುದು ಹೇಗೆಂದು ಜಪಾನಿನವರಿಗೆ ಗೊತ್ತು. ನಮ್ಮ ಧಾರಾವಾಹಿಗಳಲ್ಲಿ ಅತ್ತೆ ಒಂದು ಲೋಟ ಕೆಳಗೆ ಬೀಳಿಸಿದರೆ ಮನೆಮಂದಿಯ ಮುಖವನ್ನೆಲ್ಲ ಮೂರು ಮೂರು ಸಲ ತೋರಿಸಿ, ಗುಡುಗು ಬಡಿಸಿ, ಲೋಟ ನೆಲ ಮುಟ್ಟುವಾಗ ಶುಕ್ರವಾರ ಬಂದಿರುತ್ತದೆ. ಅವರದು ಹತ್ತು ಹನ್ನೊಂದು ಕಂತು, ಅಷ್ಟೇ. ಒಂದು ಋತುವಿನಲ್ಲಿ ಶುರುವಾಗಿ ಅದೇ ಋತುವಿನಲ್ಲಿ ಮುಗಿಯುತ್ತದೆ. ಜನ ಇಷ್ಟಪಟ್ಟರೆಂದು ಸತ್ತವನನ್ನು ಅವಳಿ ತಮ್ಮನ ರೂಪದಲ್ಲಿ ವಾಪಸು ತರುವುದಿಲ್ಲ.

ಇನ್ನೊಂದು, ಅಲ್ಲಿ ಎಲ್ಲರಿಗೂ ಒಂದು ಕೆಲಸ ಇರುತ್ತದೆ, ಮತ್ತು ಆ ಕೆಲಸವನ್ನು ಅವರು ನಿಜವಾಗಿ ಮಾಡುತ್ತಾರೆ. ರೇಷ್ಮೆ ಸೀರೆ ಉಟ್ಟು ಸೋಫಾದಲ್ಲಿ ಕೂತು ಸಂಚು ಮಾಡುವವರಿಲ್ಲ. ಗುಮಾಸ್ತೆಯಾದರೆ ಕಾಗದ ಜೋಡಿಸುತ್ತಾಳೆ, ಅಡುಗೆಯವನಾದರೆ ಈರುಳ್ಳಿ ಹೆಚ್ಚುತ್ತಾನೆ. ಕೆಟ್ಟವನೆಂದು ನಾವು ಹಲ್ಲು ಕಡಿಯುತ್ತಿದ್ದ ಮ್ಯಾನೇಜರನೂ ಕೊನೆಯ ಹೊತ್ತಿಗೆ ಮನೆಯಲ್ಲಿ ಒಬ್ಬನೇ ಕೂತು ಊಟ ಮಾಡುತ್ತಿರುತ್ತಾನೆ, ನಮಗೆ ಅವನ ಮೇಲೂ ಪಾಪ ಅನ್ನಿಸುತ್ತದೆ. ಶೀರ್ಷಿಕೆಯ ಹಾಡು ಎಷ್ಟೋ ಸಲ ಮೊದಲು ಬರುವುದೇ ಇಲ್ಲ. ಕಂತಿನ ಕೊನೆಯ ಹೊತ್ತಿಗೆ, ಎದೆ ತುಂಬಿ ಬಂದಾಗ, ಮೆಲ್ಲಗೆ ಕೇಳಿಸುತ್ತದೆ. ಪ್ರೀತಿಸುವ ಇಬ್ಬರು ಕೊನೆಯ ಕಂತಿನವರೆಗೂ ಒಬ್ಬರ ಕೈ ಒಬ್ಬರು ಹಿಡಿಯದೆ ಇರಬಲ್ಲರು. ಮತ್ತೆ ಊಟ. ಎಂಥ ಕಷ್ಟದ ಕತೆಯಾದರೂ ಕಂತಿಗೊಮ್ಮೆ ಯಾರಾದರೂ ಕೂತು ಹೊಟ್ಟೆತುಂಬ ಉಣ್ಣುತ್ತಾರೆ.

ಈ ಊಟದ ವಿಷಯ ಅಣ್ಣನಿಗೆ ಬಹಳ ಹಿಡಿಸಿತ್ತು. "ಅವರು ಉಣ್ಣುವಾಗ ನಾವು ಬಾಯಿ ನೋಡ್ತಾ ಕೂತ್ಕೊಳ್ಳುವುದು ಮರ್ಯಾದೆಯಾ?" ಎನ್ನುವರು. ಅದಕ್ಕೆಂದೇ ಶುಕ್ರವಾರ ಕುಚ್ಚಲಕ್ಕಿ ಗಂಜಿ ಮಾಡಿ, ಒಣ ಬಂಗುಡೆ ಸುಟ್ಟು ಇಡುತ್ತಿದ್ದರು. ವಾಸನೆ ಮೆಟ್ಟಿಲಿಳಿದು ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ತನಕ ಹೋಗಿ, ಅಲ್ಲಿನ ಮಲಯಾಳಿ ಅಂಗಡಿಯವನು ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದ. ಪರದೆಯ ಮೇಲೆ ಅವರು ಬಟ್ಟಲು ಎತ್ತಿದಾಗ ನಾವೂ ಎತ್ತಬೇಕು. ಇದು ಆ ಮನೆಯ ಕಾನೂನು.

ಆದರೆ ನಾನು ಬರೆಯಹೊರಟದ್ದು ಅಮ್ಮನ ವಿಷಯ.

ನನ್ನ ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಅಮ್ಮ ಬಹರೈನಿಗೆ ಬಂದಿದ್ದಳು. ಅವಳು ಇಲ್ಲಿರುವಾಗಲೇ ಊರಿನಲ್ಲಿ ಅಪ್ಪ ತೀರಿಕೊಂಡರು. ಕಾಯಿಲೆಯಿಲ್ಲ, ಸೂಚನೆಯಿಲ್ಲ, ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಎಲ್ಲರೂ ಹೋದೆವು, ಕಾರ್ಯಗಳೆಲ್ಲ ಮುಗಿದವು, ಅಮ್ಮನನ್ನು ನಾನೇ ಕರೆದುಕೊಂಡು ಬಂದೆ. ಅಷ್ಟು ದಿನವೂ ಅಮ್ಮ ಅಳಲಿಲ್ಲ. ಇಲ್ಲಿಗೆ ಬಂದ ಮೇಲೂ ಇಲ್ಲ. ಮಗುವನ್ನು ಮೀಯಿಸಿದಳು, ಬಟ್ಟೆ ಮಡಚಿದಳು, ಕೇಳಿದ್ದಕ್ಕೆ ಹೌದು ಇಲ್ಲ ಎಂದಳು. ಅಪ್ಪನ ಸುದ್ದಿ ಮಾತ್ರ ಎತ್ತಲೇ ಇಲ್ಲ. ನಾನು ಎತ್ತಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಊರಿಂದ ಯಾರದಾದರೂ ಫೋನು ಬಂದರೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಮೀನೆಂದರೆ ಜೀವ ಬಿಡುತ್ತಿದ್ದವಳು ಅದನ್ನು ಮುಟ್ಟುವುದನ್ನೇ ಬಿಟ್ಟಳು. ದಿನದಿಂದ ದಿನಕ್ಕೆ ಬಳೆ ಮೊಣಕೈಯ ಕಡೆಗೆ ಜಾರುತ್ತಿತ್ತು. ಅಪ್ಪನ ಹಿಂದೆಯೇ ಇವಳೂ ಹೋಗಿಬಿಡುತ್ತಾಳೆಂದು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಡಾಕ್ಟರು ಟಾನಿಕ್ ಬರೆದುಕೊಟ್ಟರು.

ಇದನ್ನೆಲ್ಲ ನಾನು ಅಣ್ಣನಿಗೆ ಹೇಳಿದ್ದು ಲಿಫ್ಟಿನ ಮುಂದೆ, ಅರ್ಧಂಬರ್ಧ. ಅವರು ಉಪದೇಶವೇನೂ ಮಾಡಲಿಲ್ಲ. ಮರುದಿನ ಶುಕ್ರವಾರ. ಬಾಗಿಲಿಗೆ ಬಂದು ಅಮ್ಮನನ್ನೇ ನೇರ ಕೇಳಿದರು.

"ಅಕ್ಕಾ, ನನಗೆ ಒಂದು ಉಪಕಾರ ಆಗ್ಬೇಕಿತ್ತು. ಅರ್ಥ ಹೇಳ್ಲಿಕ್ಕೆ ಎದುರು ಜನ ಬೇಕು. ನಿಮ್ಮ ಮಗಳು ಫೋನ್ ನೋಡ್ತಾ ಕೂತ್ಕೊಳ್ತಾಳೆ, ಅವಳಿಂದ ಆಗುವುದಿಲ್ಲ. ನೀವು ಬನ್ನಿ."

ಉಪಕಾರ ಎಂದರೆ ಅಮ್ಮನಿಗೆ ಇಲ್ಲವೆನ್ನಲು ಬಾರದು. ಸೆರಗು ಸರಿಮಾಡಿಕೊಂಡು ಹೊರಟಳು.

ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುತ್ತಿರಲಿಲ್ಲ. ಅಣ್ಣ ರಿಮೋಟ್ ಹಿಡಿದು, ಒಂದೊಂದು ಮಾತಿಗೂ ಪಾಸ್ ಒತ್ತಿ ಚಿತ್ರ ನಿಲ್ಲಿಸಿ, ಶುದ್ಧ ತಾಳಮದ್ದಳೆಯ ಕನ್ನಡದಲ್ಲಿ ಅರ್ಥ ಹೇಳತೊಡಗಿದರು. ಅದೊಂದು ನೋಡುವ ಹಾಗಿನ ದೃಶ್ಯ. ಟೋಕಿಯೋದ ಆಫೀಸಿನಲ್ಲಿ ಮ್ಯಾನೇಜರು ಬೈಯುತ್ತಾನೆ. ಹುಡುಗಿ ಬೆನ್ನು ಬಗ್ಗಿಸಿ ಒಂದೇ ಒಂದು ಮಾತು ಹೇಳುತ್ತಾಳೆ. ಪಾಸ್. ಅಣ್ಣ ಶಾಲು ಹೆಗಲಿಗೇರಿಸುತ್ತಾರೆ.

"ಒಡೆಯರೇ, ತಪ್ಪು ನನ್ನದೇ ಹೌದು. ಆದರೆ ನಾನು ತಲೆಬಾಗಿದ್ದು ನನ್ನ ತಪ್ಪಿಗೇ ಹೊರತು ತಮ್ಮ ಕೋಪಕ್ಕಲ್ಲ. ಬಾಗಿದ ಬೆನ್ನನ್ನು ಮುರಿದ ಬೆನ್ನೆಂದು ತಾವು ತಿಳಿದಿದ್ದರೆ, ಅದು ತಮ್ಮ ದೃಷ್ಟಿಯ ದೋಷ!"

"ಅಣ್ಣಾ, ಅವಳು ಸಾರಿ ಅಂತ ಮಾತ್ರ ಹೇಳಿದ್ದು" ಎಂದೆ ನಾನು.

"ಸಾರಿ ಅಂದ್ರೆ ಮುಗೀತಾ ತಂಗಿ? ಬೆನ್ನು ಎಷ್ಟು ಬಗ್ಗಿಸಿದ್ದಾಳೆ ನೋಡು. ಅಷ್ಟಕ್ಕೂ ಅರ್ಥ ಬೇಡ್ವಾ?"

ಹೀಗೆ ಮುಕ್ಕಾಲು ಗಂಟೆಯ ಕಂತು ಮಧ್ಯಾಹ್ನವನ್ನೆಲ್ಲ ತಿನ್ನುತ್ತಿತ್ತು. ಬುಸೈತೀನಿನ ಮೇಲೆ ವಿಮಾನ ಹಾದುಹೋಗುವಾಗ ಮಾತ್ರ ಅವರ ಬಾಯಿಗೆ ಬಿಡುವು. ವಿಮಾನ ದಾಟಿದ ಕೂಡಲೇ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಪಾತ್ರಗಳು ಸುಮ್ಮನಿದ್ದಾಗಲಂತೂ ಕೇಳುವುದೇ ಬೇಡ, ಆ ಮೌನವೆಲ್ಲ ಅವರಿಗೆ ಬಿಟ್ಟಿ ಸಿಕ್ಕಿದ ಹೊಲ. ಕಿಟಕಿಯಾಚೆ ನೋಡುವ ಹುಡುಗನ ಬಾಯಲ್ಲಿ ಸಂಸಾರದ ಅಸಾರತೆಯ ಮೇಲೆ ಭಾಷಣ ಬರುತ್ತಿತ್ತು. ಜಪಾನಿನ ಆ ನಿರ್ದೇಶಕನೇನಾದರೂ ಬಂದು ಕೇಳಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದ. ಅವನು ಕಷ್ಟಪಟ್ಟು ಖಾಲಿ ಬಿಟ್ಟದ್ದನ್ನೆಲ್ಲ ಇವರು ತುಂಬಿಸಿಬಿಡುತ್ತಿದ್ದರು. ನನ್ನ ಪ್ರಕಾರ ಅದು ಶುದ್ಧ ತಪ್ಪು, ಅವರಿಗೆ ಹೇಳಿಯೂ ಇದ್ದೆ. ಅಮ್ಮ ಮಾತ್ರ ಕೇಳುತ್ತಿದ್ದಳು. ನಗುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಆದರೆ ಶುಕ್ರವಾರ ಊಟವಾದ ಮೇಲೆ ತಾನಾಗಿಯೇ ಚಪ್ಪಲಿ ಮೆಟ್ಟುತ್ತಿದ್ದಳು. ಗಂಜಿ ಕುಡಿಯುತ್ತಿದ್ದಳು. ಬಂಗುಡೆಯ ತಟ್ಟೆಯನ್ನು ನನ್ನ ಕಡೆ ಸರಿಸುತ್ತಿದ್ದಳು.

ಆಮೇಲೆ ಒಂದು ಹೊಸ ಧಾರಾವಾಹಿ ಶುರುವಾಯಿತು. ಸ್ಟೇಷನ್ನಿನ ಹತ್ತಿರ ಸಣ್ಣ ಊಟದಂಗಡಿ ಇಟ್ಟುಕೊಂಡ ಮುದುಕ ಮುದುಕಿಯ ಕತೆ. ದಿನದ ಗಿರಾಕಿಗಳೆಲ್ಲ ಹೋದ ಮೇಲೆ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಾರೆ, ಹೆಚ್ಚು ಮಾತಾಡುವುದಿಲ್ಲ. ಮಧ್ಯದ ಒಂದು ಕಂತಿನಲ್ಲಿ ಮುದುಕ ಸತ್ತುಹೋದ. ಸಾಯುವುದನ್ನೂ ತೋರಿಸಲಿಲ್ಲ, ಅಂಗಡಿ ಮುಚ್ಚಿದ ಬಾಗಿಲನ್ನಷ್ಟೇ ತೋರಿಸಿದರು. ಅಣ್ಣನೂ ಮೊದಲೇ ನೋಡಿರಲಿಲ್ಲವೆಂದು ಅವರ ಮುಖದಲ್ಲೇ ಗೊತ್ತಾಯಿತು. ನಿಲ್ಲಿಸೋಣವೇ ಎಂಬಂತೆ ನನ್ನ ಕಡೆ ನೋಡಿದರು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

ಕೆಲವು ದಿನಗಳಾದ ಮೇಲೆ ಮುದುಕಿ ಮತ್ತೆ ಅಂಗಡಿ ತೆರೆಯುತ್ತಾಳೆ. ಗಿರಾಕಿಗಳು ಹೋಗುತ್ತಾರೆ. ಮೇಜು ಒರೆಸುತ್ತಾಳೆ. ಎರಡು ಬಟ್ಟಲು ಇಡುತ್ತಾಳೆ. ನಿಂತು ನೋಡುತ್ತಾಳೆ. ಒಂದು ಬಟ್ಟಲನ್ನು ತೆಗೆಯಲು ಕೈಚಾಚಿ, ತೆಗೆಯದೆ ಹಾಗೇ ಕೂತುಬಿಡುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ.

ಅಣ್ಣ ಅಭ್ಯಾಸಬಲದಿಂದ ಪಾಸ್ ಒತ್ತಿದರು. ಬಾಯಿ ತೆರೆದರು. "ಅಯ್ಯೋ ವಿಧಿಯೇ..." ಎಂದರು. ಮುಂದೆ ಬರಲಿಲ್ಲ. ಅಷ್ಟು ವರ್ಷದಲ್ಲಿ ಅವರು ಮಾತಿಗೆ ತಡವರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪರದೆಯ ಮೇಲೆ ಮುದುಕಿಯ ಚಿತ್ರ ಹಾಗೆಯೇ ನಿಂತುಹೋಗಿತ್ತು.

"ನಾನು ಹೇಳ್ತೇನೆ" ಎಂದಳು ಅಮ್ಮ.

ನನ್ನ ಮಡಿಲಲ್ಲಿದ್ದ ಮಗುವನ್ನು ಅಪ್ಪಿಕೊಂಡು ಕೂತೆ. ಅಮ್ಮ ಅಣ್ಣನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಆ ಬಟ್ಟಲನ್ನೇ ನೋಡುತ್ತ ಹೇಳಿದಳು.

"ನೀವು ಫೋನ್ ಮಾಡಿದಾಗ ನಾನು ಮಗುವಿಗೆ ಮೀಯಿಸ್ತಾ ಇದ್ದೆ. ಕೈಯೆಲ್ಲ ಸೋಪು. ಅಳಿಯ ಫೋನನ್ನು ಕಿವಿ ಹತ್ರ ಹಿಡಿದ್ರು. ಹೇಗಿದ್ದಿ ಅಂತ ಕೇಳಿದ್ರಿ ನೀವು. ಈಗ ಪುರುಸೊತ್ತಿಲ್ಲ, ಆಮೇಲೆ ಮಾಡಿ, ಅಂತ ಹೇಳಿದೆ. ಉಂಡ್ರಾ ಅಂತ ಸಹ ಕೇಳ್ಲಿಲ್ಲ. ಅದೇ ಕೊನೆಗೆ ಮಾತಾಡಿದ್ದು. ಮತ್ತೆ ನೀವು ಮಾಡ್ಲೇ ಇಲ್ಲ..."

ಅಪ್ಪನ ಆ ಫೋನಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದ ನನ್ನ ಗಂಡನಿಗೆ ಅದು ನೆನಪಿಡುವಂಥದ್ದು ಅನ್ನಿಸಿರಲಿಲ್ಲ. ಅಷ್ಟು ತಿಂಗಳು ಅಮ್ಮ ಆ ಒಂದು ಮಾತನ್ನು ಒಳಗೇ ಇಟ್ಟುಕೊಂಡು ಮಗುವಿಗೆ ಮೀಯಿಸಿದ್ದಳು, ಅದೇ ಟಬ್ಬಿನಲ್ಲಿ, ಅದೇ ಸೋಪಿನಲ್ಲಿ. ನನಗೆ ಎದ್ದು ಹೋಗಿ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಅಣ್ಣ ಕೈಯನ್ನು ಸ್ವಲ್ಪವೇ ಎತ್ತಿ ನನ್ನನ್ನು ತಡೆದರು. ತಾಳಮದ್ದಳೆಯಲ್ಲಿ ಎದುರಿನವರು ಮಾತು ಮುಗಿಸಿದರೆ ಉತ್ತರ ಕೊಡುವುದು ಇನ್ನೊಬ್ಬ ಅರ್ಥಧಾರಿಯ ಕೆಲಸ.

ಅವರು ಶಾಲನ್ನು ತೆಗೆದು ಪಕ್ಕಕ್ಕಿಟ್ಟರು. ಒಡೆಯರೇ, ವಿಧಿಯೇ ಯಾವುದೂ ಬರಲಿಲ್ಲ. ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ, ತಗ್ಗಿದ ಸ್ವರದಲ್ಲಿ ಹೇಳಿದರು.

"ಮಗು ಕೂಗುವುದು ಕೇಳ್ತಾ ಇತ್ತು ಮಾರಾಯ್ತಿ. ನಾನು ಅದಕ್ಕೇ ಮಾಡಿದ್ದು ಫೋನು. ನಮಗೆ ಮಾತಾಡ್ಲಿಕ್ಕೆ ಇನ್ನು ಎಂತ ಉಂಟು, ಜನ್ಮಪೂರ್ತಿ ಮಾತಾಡಿದ್ದೇವಲ್ಲ. ಮಗುವಿನ ಸ್ವರ ಕೇಳ್ಬೇಕಿತ್ತು. ಕೇಳಿತು. ನೀನು ನೀರು ಹೊಯ್ಯುವುದೂ ಕೇಳಿತು. ಮತ್ತೆ ನಾನು ಉಂಡು ಮಲಗಿದೆ."

ಅಮ್ಮ ಅಂದು ಅತ್ತಳು. ಎಷ್ಟು ಅತ್ತಳೆಂದರೆ ಮಡಿಲಿನ ಮಗು ಹೆದರಿ ತಾನೂ ಅಳಲು ಶುರುಮಾಡಿತು, ನಾನೂ ಅತ್ತೆ. ಅಣ್ಣ ಎದ್ದು ಅಡುಗೆಮನೆಗೆ ಹೋಗಿ, ಬೇಕೆಂದೇ ಪಾತ್ರೆಗಳ ಸದ್ದು ಮಾಡುತ್ತ ಬಹಳ ಹೊತ್ತು ಅಲ್ಲೇ ಇದ್ದರು. ಬರುವಾಗ ಗಂಜಿ ತಂದರು. ಅಮ್ಮ ಮೂಗು ಒರೆಸಿಕೊಂಡು, ಬಂಗುಡೆಯ ಒಂದು ಚೂರು ಮುರಿದು ಬಾಯಿಗಿಟ್ಟು, "ಉಪ್ಪು ಹೆಚ್ಚಾಯ್ತು" ಎಂದಳು. ಆ ಸಂಜೆ ಊರಿನಲ್ಲಿದ್ದ ತನ್ನ ತಂಗಿಗೆ ತಾನೇ ಫೋನು ಮಾಡಿಸಿಕೊಂಡು ಅಪ್ಪನ ವಿಷಯ ಮಾತಾಡಿದಳು, ಮಾತಾಡಿದಳು...

ಅವರು ಹೇಳಿದ್ದು ಸುಳ್ಳಲ್ಲವೇ, ಅಪ್ಪನ ಮನಸ್ಸಿನಲ್ಲಿ ಏನಿತ್ತೆಂದು ಅವರಿಗೆ ಹೇಗೆ ಗೊತ್ತು ಎಂದು ನನ್ನ ಗಂಡ ಕೇಳಿದ್ದುಂಟು. ಲೆಕ್ಕಪತ್ರ ನೋಡುವ ಮನುಷ್ಯ, ಕೇಳಲಿ. ನನಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ. ಅಪ್ಪ ಅಂಥವರೇ. ಅವರನ್ನು ಒಮ್ಮೆಯೂ ಕಾಣದ ಒಬ್ಬರು, ಅವರ ಹೆಂಡತಿಯ ಮಾತು ಕೇಳಿ, ಅವರ ಉತ್ತರವನ್ನು ಸರಿಯಾಗಿ ಹೇಳಿದರು. ಅದನ್ನು ನಮ್ಮ ಕಡೆ ಅರ್ಥ ಎನ್ನುತ್ತಾರೆ.

ಆ ದಿನದಿಂದ ಅಣ್ಣ ಆ ಧಾರಾವಾಹಿಗೆ ಪಾಸ್ ಒತ್ತಲಿಲ್ಲ. ಉಳಿದ ಕಂತುಗಳನ್ನು ಮೂವರೂ ಸುಮ್ಮನೆ ಕೂತು ನೋಡಿದೆವು. ಅಮ್ಮನಿಗೆ ಅರ್ಥವಾಗದಿದ್ದದ್ದು ಏನೂ ಇರಲಿಲ್ಲ. ಕೊನೆಯ ಕಂತಿನಲ್ಲಿ ಮುದುಕಿಗೆ ದೊಡ್ಡದೇನೂ ಸಿಗಲಿಲ್ಲ; ಅಂಗಡಿಯ ಪರದೆ ಒಗೆದು ಹಾಕಿದಳು, ಮುಗಿಯಿತು. ಮುಂದಿನ ಧಾರಾವಾಹಿಗೆ ಮತ್ತೆ ಅದೇ ಒಡೆಯರು, ಅದೇ ಸಂಸಾರದ ಅಸಾರತೆ, ಅದರಲ್ಲಿ ಮನುಷ್ಯ ಏನೂ ಬದಲಾಗಲಿಲ್ಲ.

ಅವರು ನಿವೃತ್ತರಾಗಿ ಹೆಂಡತಿಯೊಡನೆ ಉಡುಪಿಗೆ ಹೋದರು. ನಾವು ಇಲ್ಲೇ ಸನದ್‌ಗೆ ಮನೆ ಬದಲಿಸಿದೆವು, ಅಮ್ಮನೂ ನಮ್ಮ ಜೊತೆಗೇ ಉಳಿದಳು. ಮಗಳು ದೊಡ್ಡವಳಾದಳು, ಅವಳಿಗೆ ಕನ್ನಡಕ್ಕಿಂತ ಇಂಗ್ಲಿಷೇ ಸಲೀಸು, ಜಪಾನೀ ಧಾರಾವಾಹಿಗಳನ್ನು ಫೋನಿನಲ್ಲಿ ವೇಗ ಹೆಚ್ಚಿಸಿಕೊಂಡು ನೋಡುತ್ತಾಳೆ. ಮೌನಗಳನ್ನೆಲ್ಲ ಹಾರಿಸಿಬಿಡುತ್ತಾಳೆ. ಬೈದು ಸಾಕಾಯಿತು.

ಎರಡು ತಿಂಗಳ ಹಿಂದೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅಣ್ಣನ ಫೋಟೋ ಬಂತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಅಡುಗೆಮನೆಯಲ್ಲಿ ನಿಂತಲ್ಲೇ ನಿಂತೆ. ಅಮ್ಮನ ಜೀವ ಉಳಿಸಿಕೊಟ್ಟ ಮನುಷ್ಯ. ಅದನ್ನು ಅವರಿಗೆ ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಿದ್ದರೆ ಅದಕ್ಕೂ ಅರ್ಧ ಗಂಟೆ ಅರ್ಥ ಹೇಳಿ ನಗಿಸುತ್ತಿದ್ದರು. ಇನ್ನು ಅವರಿಲ್ಲ. ಆ ಸ್ವರ ಯಾವ ಸಭೆಯಲ್ಲೂ ಕೇಳಿಸುವುದಿಲ್ಲ.

ಸಂಜೆ ಅವರ ಹೆಂಡತಿಗೆ ಫೋನು ಮಾಡಿದೆ. ಅತ್ತಿಗೆ ಎಂದೇ ಕರೆಯುತ್ತಿದ್ದೆ. ಸ್ಪೀಕರಿನಲ್ಲಿ ಅವರ ಸ್ವರ ಬಂತು: "ಕೊನೆಗೆ ಒಂದು ವಾರ ಮಾತೇ ಇರ್ಲಿಲ್ಲ ನೋಡು. ಅಷ್ಟು ಮಾತಾಡುವವರು. ನನ್ನ ಮುಖ ನೋಡ್ತಾ ಮಲಗಿದ್ರು, ಅಷ್ಟೇ. ಎಂತ ಹೇಳ್ಲಿಕ್ಕಿತ್ತೋ ಏನೋ ಅವರಿಗೆ..."

ಈಗ ಅಣ್ಣನ ಉತ್ತರವನ್ನು ಹೇಳಬಲ್ಲವರು ಇದ್ದರೆ ಅದು ಅಣ್ಣ ಒಬ್ಬರೇ. ಅಮ್ಮ ಕೈಚಾಚಿ ನನ್ನಿಂದ ಫೋನು ತೆಗೆದುಕೊಂಡಳು. ಸ್ಪೀಕರ್ ಹಾಗೇ ಇತ್ತು. "ನಾನು" ಎಂದಷ್ಟೇ ಹೇಳಿ ಸೋಫಾದ ತುದಿಯಲ್ಲಿ ಕೂತಳು.

ಅಮ್ಮ ಏನಾದರೂ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಆ ಕಡೆಯಿಂದಲೂ ಮಾತಿಲ್ಲ. ಫ್ಯಾನಿನ ಸದ್ದು, ಉಡುಪಿಯಲ್ಲಿ ಯಾವುದೋ ಬಸ್ಸಿನ ಹಾರ್ನು. ಲೈನು ಕಟ್ಟಾಯಿತೇ ಎಂದು ಬಗ್ಗಿ ಪರದೆ ನೋಡಿದೆ. ಕಟ್ಟಾಗಿರಲಿಲ್ಲ. ಬಾಯಿ ತೆರೆಯಹೊರಟ ನನ್ನನ್ನು ಅಮ್ಮ ಕೈಯೆತ್ತಿ ಸುಮ್ಮನಿರಿಸಿದಳು. ಅಷ್ಟು ಹೊತ್ತಿನ ಮೌನವನ್ನು ನಾನು ಯಾವ ಜಪಾನೀ ಧಾರಾವಾಹಿಯಲ್ಲೂ ನೋಡಿಲ್ಲ.

ಕೊನೆಗೆ ಆ ಕಡೆಯಿಂದ ಮೆಲ್ಲಗೆ ಕೇಳಿತು. "ಅಕ್ಕಾ, ಇದ್ದೀರಾ?"

"ಇದ್ದೇನೆ" ಎಂದಳು ಅಮ್ಮ. ಫೋನು ಇಡಲಿಲ್ಲ.